ಫರೀದಾಬಾದಿನ ಜಾಲರಿಯೊಂದಿಗೆ ನಾರ್ವೆಗೆ

ಆ ಪ್ರವಾಸವೆಂದರೆ ನನಗೆ ಮೊದಲು ನೆನಪಾಗುವುದು ಒಂದು ಸದ್ದು. ಗಾಜಿನ ಬೀಕರಿನ ತಳದಲ್ಲಿ, ಕ್ಯಾಪ್ಸೂಲ್ ಮಾತ್ರೆಯಷ್ಟಿದ್ದ ಬಿಳಿಯ ಮ್ಯಾಗ್ನೆಟ್ ಒಂದು ಗಿರಗಿರನೆ ತಿರುಗುತ್ತ, ಗಾಜಿಗೆ ತಾಗಿದಾಗಲೆಲ್ಲ ಟಿಕ್, ಟಿಕ್, ಟಿಕ್ ಎನ್ನುತ್ತಿತ್ತು. ನಾರ್ವೆಯ ಟ್ರೋಂಡ್‌ಹೈಮ್ ಎಂಬ ಊರಿನ ಆ ಲ್ಯಾಬಿನಲ್ಲಿ ಬೇರೆ ಸದ್ದೇ ಇರಲಿಲ್ಲ. ಫ್ಯಾನ್ ಇಲ್ಲ, ಹೊರಗೆ ಹಾರ್ನ್ ಇಲ್ಲ, ಸಬ್ಜಿವಾಲಾನ ಕೂಗಿಲ್ಲ. ಒಳಗಿದ್ದವರು ಒಬ್ಬರೊಡನೊಬ್ಬರು ಮಾತನ್ನೂ ಆಡುತ್ತಿರಲಿಲ್ಲ. ಅರ್ಧ ತೆರೆದ ಬಾಗಿಲ ಈಚೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ ನನಗೆ ಆ ಟಿಕ್ ಟಿಕ್ ಒಂದೇ ಕೇಳುತ್ತಿತ್ತು. ಒಳಗೆ ನನ್ನ ತಂಗಿಯ ಮಗಳು ಸುಮೇಧಾ ಕಂಪ್ಯೂಟರ್ ಸ್ಕ್ರೀನಿನ ಮೇಲೆ ಒಂದು ಗೆರೆ ಮೇಲೇಳುವುದನ್ನು ಕಾಯುತ್ತಿದ್ದಳು. ಗೆರೆ ಏಳಲಿಲ್ಲ.

ಅದು ಏಕೆ ಏಳಬೇಕು, ಏಳದಿದ್ದರೆ ಯಾರಿಗೇನು ನಷ್ಟ ಎನ್ನುವುದು ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಈಗಲೂ ಗೊತ್ತಿರುವುದು ಅರ್ಧವೇ. ಬಲ್ಲವರು ಓದಿದರೆ ನಗಬಹುದು. ನಗಲಿ, I don't mind.

ಫರೀದಾಬಾದ್

ನನ್ನ ಕಾನ್ವೆಂಟಿನ ಗೆಳತಿಯರೆಲ್ಲ ಫಾರಿನ್‌ಗೆ ಹೊರಡುವ ಮುಂಚೆ ಉಲ್ಲನ್ ಕೋಟು ಕೊಳ್ಳಲು ಹೋಗುತ್ತಾರೆ. ನಾವು ದೆಹಲಿಯ ಪಕ್ಕದ ಫರೀದಾಬಾದಿಗೆ ಜಾಲರಿ ತರಲು ಹೋದೆವು.

ಸುಮೇಧಾ ಹುಟ್ಟಿದ್ದು, ಬೆಳೆದದ್ದು ದೆಹಲಿಯ ಲೋಧಿ ಕಾಲೋನಿಯಲ್ಲಿ. ಅವಳ ಅಪ್ಪನಿಗೂ ನಮ್ಮ ಯಜಮಾನರಿಗೂ ಸರ್ಕಾರಿ ಕ್ವಾರ್ಟರ್ಸ್ ಎದುರುಬದುರೇ ಸಿಕ್ಕಿತ್ತು. ನಮ್ಮ ಯಜಮಾನರು ತೀರಿಕೊಂಡರು. ತಂಗಿ ಮತ್ತು ಅವಳ ಗಂಡ ರಿಟೈರಾಗಿ ಮೈಸೂರು ಸೇರಿದರು. ನಾನು ವಸಂತ್ ಕುಂಜಿನಲ್ಲಿ, ಸುಮೇಧಾಳ ಫ್ಲಾಟಿನ ಮೇಲಿನ ಮಹಡಿಯಲ್ಲಿ ಉಳಿದೆ. ಅವಳಿಗೆ ಎಳೆ ಮಗು, ಹೆಸರು ಇರಾ. ಇನ್ನೂ ತಾಯಿಯ ಹಾಲು ಕುಡಿಯುವ ಕೂಸು. ಗಂಡ ರೋಹನ್‌ಗೆ ಗುರುಗ್ರಾಮದ ಆಫೀಸಿನಲ್ಲಿ ರಜೆ ಸಿಗಲಿಲ್ಲ. ತಂಗಿಗೆ ಮಂಡಿ ನೋವು. ಹೀಗೆ ಎಪ್ಪತ್ತು ದಾಟಿದ ಮೇಲೆ ನಾನು ಮಗು ನೋಡಿಕೊಳ್ಳುವ ಆಯಾ ಕೆಲಸದ ಮೇಲೆ ವಿದೇಶಕ್ಕೆ ಹೊರಟೆ.

ಬದರ್‌ಪುರದ ಟ್ರಾಫಿಕ್ಕಿನಲ್ಲಿ ಕಾರು ನಿಂತಾಗ ಕೇಳಿದೆ, "ಏನೇ ಅದು, ನೀನು ಮಾಡೋದು? ಯಾರಾದ್ರೂ ಕೇಳಿದ್ರೆ ಹೇಳೋಕೆ ನನಗೂ ಒಂದು ಸೆಂಟೆನ್ಸ್ ಬೇಕಲ್ಲ."

"ನೀರಿಗೆ ಕರೆಂಟ್ ಕೊಟ್ಟರೆ ಹೈಡ್ರೋಜನ್ ಬರುತ್ತೆ ದೊಡ್ಡಮ್ಮ. ಸ್ಕೂಲಲ್ಲಿ ಓದಿರ್ತೀರ. ಆದ್ರೆ ತುಂಬಾ ಕರೆಂಟ್ ತಿನ್ನುತ್ತೆ. ಕ್ಯಾಟಲಿಸ್ಟ್ ಇದ್ರೆ ಕಮ್ಮಿಯಲ್ಲೇ ಕೆಲಸ ಹೋ ಜಾತಾ ಹೈ. ಅದು ತಾನು ಖರ್ಚಾಗಲ್ಲ, ಬೇರೆಯವರ ಕೆಲಸ ಬೇಗ ಮಾಡಿಸುತ್ತೆ. ಬಸ್."

"ನಿಮ್ಮ ದೊಡ್ಡಪ್ಪನ ಮಿನಿಸ್ಟ್ರೀಲಿ ಒಬ್ಬ ಪಿ.ಎ. ಇದ್ದ. ಅವನು ಪೆನ್ನು ಮುಟ್ಟಿದ್ದೇ ಯಾರೂ ನೋಡಿರಲಿಲ್ಲ. ಆದ್ರೆ ಅವನು ರೂಮಲ್ಲಿದ್ದ ದಿನ ಫೈಲು ತಾನಾಗೇ ಓಡ್ತಿತ್ತಂತೆ. ಹಾಗೇನಾ?"

ಅವಳು ಸ್ಟೀರಿಂಗ್ ಬಿಟ್ಟು ಚಪ್ಪಾಳೆ ತಟ್ಟಿದಳು. "ಅದೇ! ಇದುವರೆಗೂ ಒಳ್ಳೇ ಕ್ಯಾಟಲಿಸ್ಟ್ ಅಂದ್ರೆ ಪ್ಲಾಟಿನಂ, ಇರಿಡಿಯಂ. ಐ.ಎ.ಎಸ್. ಆಫೀಸರ್‌ಗಳು. ಕೈಗೇ ಸಿಗಲ್ಲ, ಸಿಕ್ಕರೆ ನಮ್ಮಂಥವರಿಗೆ ಎಟುಕಲ್ಲ. ನಾನು ನಿಕಲ್‌ನಂಥ ಕ್ಲರ್ಕ್ ಹತ್ರ ಅದೇ ಕೆಲಸ ಮಾಡಿಸ್ತಿದೀನಿ."

ನಿಕಲ್ ತಂತಿಯ ಜಾಲರಿ. ಅದರ ಮೇಲೆ ಸುಮೇಧಾ ತಾನೇ ಕಂಡುಹಿಡಿದ, ನಿಕಲ್ ಕೋಬಾಲ್ಟ್ ಬೆರೆತ ಒಂದು ತೆಳು ಲೇಪ. ಜಾಲರಿ ಅಂಗೈಗಿಂತ ದೊಡ್ಡದಾದ್ದರಿಂದ ಲ್ಯಾಬಿನ ಪಾತ್ರೆಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಲೇಪ ಹಾಕಿಸಲು ಅವಳು ಫರೀದಾಬಾದಿನ ಖುರಾನಾ ಜೀ ಎಂಬವರ ಪ್ಲೇಟಿಂಗ್ ಅಂಗಡಿಗೆ ಬರುತ್ತಿದ್ದಳು. ಅಲ್ಲಿ ನಲ್ಲಿಗಳಿಗೆ, ಸ್ಕೂಟರಿನ ಬಿಡಿಭಾಗಗಳಿಗೆ ಹೊಳಪು ಹಾಕುತ್ತಾರೆ. ನಡುನಡುವೆ ಇವಳ ವಿಜ್ಞಾನಕ್ಕೂ. ಆ ಜಾಲರಿ ದೆಹಲಿಯಲ್ಲಿ ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ, ಅವಳೂ ಅವಳ ಗೈಡ್ ಡಾಕ್ಟರ್ ಬನ್ಸಲ್ ಅವರೂ ಸೇರಿ ಬರೆದ ಪೇಪರ್ ನೋಡಿ ಟ್ರೋಂಡ್‌ಹೈಮಿನ ಪ್ರೊಫೆಸರ್ ಒಬ್ಬರು ಕರೆಸಿಕೊಂಡಿದ್ದರು: ನನ್ನ ಟೇಬಲಿನ ಮೇಲೂ ಹೀಗೇ ಕೆಲಸ ಮಾಡಿದರೆ ಇಬ್ಬರೂ ಸೇರಿ ದೊಡ್ಡ ಪ್ರಾಜೆಕ್ಟ್ ಮಾಡೋಣ, ಎಂದು. ಸುಮೇಧಾಳ ಕೆಲಸ ಕಾಂಟ್ರಾಕ್ಟಿನದು. ಪ್ರಾಜೆಕ್ಟ್ ಬಂದರೆ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಬನ್ಸಲ್ ಅವರಿಗೆ ಆ ವರ್ಷವೇ ರಿಟೈರ್ಮೆಂಟ್.

ಖುರಾನಾ ಜೀ ನಮ್ಮನ್ನು ನೇರವಾಗಿ ಹಿಂದಿನ ಕೋಣೆಗೆ ಕರೆದೊಯ್ದರು. ಅಲ್ಲಿ ಹೊಚ್ಚಹೊಸ ನೀಲಿ ಪ್ಲಾಸ್ಟಿಕ್ ಟಬ್, ಅದರ ಮೈಮೇಲೆ ಕುಂಕುಮದ ಸ್ವಸ್ತಿಕ, ಕೊರಳಿಗೆ ಚೆಂಡುಹೂವಿನ ಮಾಲೆ.

"ಮೇಡಂ ಜೀ, ಈ ಸಲ ಪುರಾನಾ ಟ್ಯಾಂಕ್ ಮೇ ನಹೀಂ ಕಿಯಾ. ಮಾಲ್ ಬಾಹರ್ ಜಾ ರಹಾ ಹೈ, ದೇಶ್ ಕೀ ಇಜ್ಜತ್ ಕಾ ಸವಾಲ್ ಹೈ. ನಯಾ ಟಬ್, ನಯಾ ಪಾನಿ, ನಯೇ ಹುಕ್. ಸಬ್ ನಯಾ."

ಹಳೆಯ ಟ್ಯಾಂಕ್ ಬಿಟ್ಟು, ದೇಶದ ಮರ್ಯಾದೆಗೆಂದು ಟಬ್ಬು, ನೀರು, ಜಾಲರಿ ತೂಗುಬಿಡುವ ಹುಕ್ಕು ಎಲ್ಲವನ್ನೂ ಹೊಸದು ತಂದಿದ್ದರು. ಸುಮೇಧಾಳ ಕಣ್ಣು ತೇವವಾಯಿತು. ನಾನೂ "ವೆರಿ ಗುಡ್, ಭಯ್ಯಾ" ಎಂದೆ. ಮನೆಗೆ ಅಪರೂಪದ ನೆಂಟರು ಬಂದರೆ ಶೋಕೇಸಿನ ಬೋನ್ ಚೈನಾ ಕಪ್ಪುಗಳನ್ನು ಹೊರಗೆ ತೆಗೆಯುವವಳು ನಾನು. ಅವರು ಮಾಡಿದ್ದು ನನಗೆ ಅತ್ಯಂತ ಸರಿಯೆನಿಸಿತು.

ಆಮ್ಸ್ಟರ್‌ಡಾಮ್, ದಾರಿಯಲ್ಲಿ

ವಿಮಾನ ಬದಲಿಸುವಾಗ ಮತ್ತೆ ಸೆಕ್ಯುರಿಟಿ. ಸುಮೇಧಾ ಮಗುವಿನ ಬಟ್ಟೆ ಬದಲಿಸಲು ಹೋಗಿದ್ದಳು, ಅವಳ ಬ್ಯಾಗು ನನ್ನ ಕೈಯಲ್ಲಿತ್ತು. ಎತ್ತರದ ಹುಡುಗನೊಬ್ಬ ಅದರೊಳಗಿಂದ ಜಾಲರಿಯ ಪ್ಯಾಕೆಟ್ ಎತ್ತಿ ಬೆಳಕಿಗೆ ಹಿಡಿದು, "ಇದೇನು ಮ್ಯಾಡಂ?" ಎಂದು ಬಹಳ ಮರ್ಯಾದೆಯಿಂದ ಇಂಗ್ಲಿಷಿನಲ್ಲಿ ಕೇಳಿದ.

ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಹೇಳಿಕೊಟ್ಟದ್ದು, ಪ್ರಶ್ನೆಗೆ ನೆಟ್ಟಗೆ ನಿಂತು, ಪೂರ್ತಿ ವಾಕ್ಯದಲ್ಲಿ, ಸತ್ಯ ಹೇಳಬೇಕು. ನಾನು ನೆಟ್ಟಗೆ ನಿಂತು, "It makes hydrogen, young man" ಎಂದೆ.

ಆಮೇಲೆ ಏನಾಯಿತೆಂದು ವಿವರಿಸುವುದಿಲ್ಲ. ನಮ್ಮ ಸಾಲು ನಿಂತಿತು, ಪಕ್ಕದ ಸಾಲೂ ನಿಂತಿತು. ಇಬ್ಬರು ಬಂದರು, ಅವರ ಹಿಂದೆ ಮತ್ತೊಬ್ಬ ದೊಡ್ಡ ಅಧಿಕಾರಿ. ಮಗುವನ್ನೆತ್ತಿಕೊಂಡು ಓಡಿಬಂದ ಸುಮೇಧಾ ಮೊಬೈಲಿನಲ್ಲಿ ಪೇಪರ್ ತೆರೆದು ತೋರಿಸಿ, ಇದು ಬರೀ ನಿಕಲ್, ಇದರಲ್ಲಿ ಏನೂ ಇಲ್ಲ, ಇದೊಂದೇ ಏನೂ ಮಾಡುವುದಿಲ್ಲ, ಎಂದು ಹತ್ತು ರೀತಿಯಲ್ಲಿ ಹೇಳಿದಳು.

ಬಿಡುಗಡೆಯಾದ ಮೇಲೆ ನನ್ನ ಕಡೆ ತಿರುಗಿ, "ದೊಡ್ಡಮ್ಮ, ಯಾರ್, ಟೀ ಸೋಸೋ ಜಾಲರಿ ಅನ್ನಬಾರದಾಗಿತ್ತಾ?" ಎಂದಳು.

"ಸುಳ್ಳು ಹೇಳು ಅಂತೀಯಾ?"

"ಸುಳ್ಳಲ್ಲ ಅದು. ಕಾಮನ್ ಸೆನ್ಸ್."

ಬಯ್ದವಳೇ ಮುಂದಿನ ಗೇಟಿನ ತನಕ ನಗುತ್ತಲೇ ಬಂದಳು. ಆ ಪ್ರವಾಸದಲ್ಲಿ ಅವಳು ಹಾಗೆ ಮನಸಾರೆ ನಕ್ಕದ್ದು ಅಲ್ಲೇ.

ಟ್ರೋಂಡ್‌ಹೈಮ್: ಬಾಗಿಲ ಹೊರಗಿನ ಕೂಸುಗಳು

ಊರು ಚೆಂದ. ನದಿಯ ಎರಡೂ ದಡದಲ್ಲಿ ಕೆಂಪು, ಹಳದಿ, ಕಂದು ಬಣ್ಣದ ಮರದ ಗೋದಾಮುಗಳು ನೀರಿನಲ್ಲಿ ಕಾಲಿಟ್ಟು ನಿಂತಿವೆ. ಒಂದು ಏರಿನಲ್ಲಿ ಸೈಕಲ್ಲಿನವರನ್ನು ಹಿಂದಿನಿಂದ ಒತ್ತಿ ಮೇಲೆ ಕಳಿಸುವ ಯಂತ್ರವಿದೆ, ಸೈಕಲ್ಲಿಗೂ ಲಿಫ್ಟ್! ನವೆಂಬರ್ ತಿಂಗಳು. ದೆಹಲಿಯಲ್ಲಿ ಆಗ ಕಿಟಕಿ ತೆರೆಯುವಂತಿಲ್ಲ. ಹೊಗೆಗೆ ಹೆದರಿ ನಾನು ಬೆಳಗಿನ ವಾಕಿಂಗ್ ಬಿಟ್ಟಿದ್ದೆ. ಇಲ್ಲಿ ಉಸಿರೆಳೆದರೆ ಗಂಟಲಿಗೆ ತಣ್ಣನೆಯ ಪೆಪ್ಪರ್‌ಮಿಂಟ್ ಇಳಿದ ಹಾಗೆ. ನಲ್ಲಿಯ ನೀರನ್ನು ಹಾಗೇ ಕುಡಿಯುತ್ತಾರೆ. ಟ್ಯಾಂಕರ್ ನೀರು ಹಿಡಿದು, ಅದನ್ನು ಆರ್.ಓ. ಮೆಷೀನಿಗೆ ಸುರಿದು, ಅದರ ಮೇಲೂ ಅನುಮಾನ ಇಟ್ಟುಕೊಂಡಿರುವ ವಸಂತ್ ಕುಂಜಿನವಳಿಗೆ ಅಡುಗೆಮನೆಯ ನಲ್ಲಿಗೆ ಲೋಟ ಒಡ್ಡಲು ಮೊದಮೊದಲು ಕೈ ಬರಲಿಲ್ಲ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಬರುತ್ತಾರೆ. ನನ್ನಿಂದ ವಾಸನೆ ಬರುತ್ತಿದೆಯೇ ಎಂದು ಶಾಲು ಮೂಸಿ ನೋಡಿಕೊಂಡೆ. ಹಾಗಲ್ಲವಂತೆ, ಅದು ಅವರ ಮರ್ಯಾದೆ, ಇನ್ನೊಬ್ಬರ ಜಾಗಕ್ಕೆ ನುಗ್ಗಬಾರದಂತೆ. ದೆಹಲಿಯ ರಾಜೀವ್ ಚೌಕ್ ಮೆಟ್ರೋದ ನೂಕುನುಗ್ಗಲಿನಲ್ಲಿ ಇವರನ್ನು ಒಂದು ಸಂಜೆ ಬಿಟ್ಟರೆ ಏನಾದಾರೋ ಎಂದುಕೊಂಡೆ.

ಲ್ಯಾಬಿನ ಎದುರು ಒಂದು ಕಾಫಿ ಅಂಗಡಿ. ಮೊದಲ ದಿನ ಇರಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅಲ್ಲಿಗೆ ಹೋದರೆ, ಬಾಗಿಲ ಹೊರಗೆ ಕಪ್ಪನೆಯ ಇನ್ನೊಂದು ಗಾಡಿ ನಿಂತಿದೆ. ಒಳಗೆ ಕೂಸು! ಕೆಂಪು ಕೆನ್ನೆ, ಉಣ್ಣೆಯ ಟೊಪ್ಪಿ, ಕಣ್ಣು ಮುಚ್ಚಿ ನಿದ್ದೆ. ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ಮೇಲೆ ತುಂತುರು ಹನಿ.

ಯಾರೋ ಪುಣ್ಯಾತ್ಗಿತ್ತಿ ಮಗು ಬಿಟ್ಟು ಹೋಗಿದ್ದಾಳೆ! ದೆಹಲಿಯಾಗಿದ್ದರೆ ಅಷ್ಟು ಹೊತ್ತಿಗೆ ಜನ ಸೇರಿ, ಒಬ್ಬ ಪೊಲೀಸಿಗೆ ಫೋನ್ ಮಾಡಿ, ಇನ್ನೊಬ್ಬ ವಿಡಿಯೋ ತೆಗೆದು, ಒಬ್ಬಾಕೆ ಮಗುವನ್ನು ಎತ್ತಿಕೊಂಡೂ ಆಗಿರುತ್ತಿತ್ತು. ಇಲ್ಲಿ ಜನ ಸುಮ್ಮನೆ ಹೋಗುತ್ತಿದ್ದಾರೆ. ನಾನು ಎರಡೂ ಗಾಡಿಗಳ ನಡುವೆ ಕಾವಲು ನಿಂತೆ. ಆ ಕೂಸು ಒಮ್ಮೆ ಮಿಸುಕಾಡಿದಾಗ ಸಣ್ಣಗೆ ಜೋಗುಳವನ್ನೂ ಹಾಡಿದೆ. ಕೈಬೆರಳು ಮರಗಟ್ಟಿತು.

ಬಹಳ ಹೊತ್ತಾದ ಮೇಲೆ ಅಂಗಡಿಯ ಒಳಗಿಂದ ಒಬ್ಬಳು ತರುಣಿ ಬಾಯಿ ಒರೆಸಿಕೊಳ್ಳುತ್ತ ಬಂದಳು. ಕಿಟಕಿಯ ಪಕ್ಕದಲ್ಲೇ ಕೂತಿದ್ದಳಂತೆ. ನನ್ನನ್ನು, ನನ್ನ ಸೀರೆಯನ್ನು, ಸೀರೆಯ ಮೇಲಿನ ಜಾಕೆಟ್ಟನ್ನು ನೋಡಿ, "Is everything all right?" ಎಂದಳು.

"ಅದನ್ನು ನಾನು ನಿಮ್ಮನ್ನು ಕೇಳಬೇಕು, ಮೈ ಡಿಯರ್" ಎಂದೆ ಇಂಗ್ಲಿಷಿನಲ್ಲೇ.

ಇಲ್ಲಿ ಮಕ್ಕಳನ್ನು ಹೊರಗೇ ಮಲಗಿಸುವುದಂತೆ. ಚಳಿಗಾಳಿ ತಾಗಿದರೆ ಒಳ್ಳೆಯ ನಿದ್ದೆ, ಒಳ್ಳೆಯ ಶ್ವಾಸಕೋಶ. ಕದಿಯುವವರು ಯಾರೂ ಇಲ್ಲವೇ ಎಂದದ್ದಕ್ಕೆ ಆಕೆಗೆ ಪ್ರಶ್ನೆಯೇ ತಿಳಿಯಲಿಲ್ಲ. ಕೊನೆಗೆ ನನಗೊಂದು ಬಿಸಿ ಚಾಕೊಲೇಟ್ ಕೊಡಿಸಿದಳು. ನಾನು ಅದನ್ನು ಹೊರಗೆ ನಿಂತೇ ಕುಡಿದೆ, ಇರಾಳ ಗಾಡಿಯ ಹ್ಯಾಂಡಲ್ ಹಿಡಿದುಕೊಂಡು.

ಲ್ಯಾಬ್

ಪ್ರೊಫೆಸರ್ ಹೆಸರು ಇಂಗ್ರಿಡ್. ಅಲ್ಲಿ ಎಲ್ಲರೂ ಆಕೆಯನ್ನು ಹೆಸರು ಹಿಡಿದೇ ಕರೆಯುತ್ತಾರೆ, ನೆಲ ಒರೆಸುವವರೂ. ಸುಮೇಧಾಗೆ ನಾಲಗೆ ಏಳುತ್ತಿರಲಿಲ್ಲ. "ಇಂಗ್ರಿಡ್" ಎಂದು ಶುರು ಮಾಡಿ ಬಾಲಕ್ಕೆ "ಮ್ಯಾಮ್" ಸೇರಿಸುತ್ತಿದ್ದಳು. ಇಂಗ್ರಿಡ್ ಮ್ಯಾಮ್. ಕೇಳಲು ಯಾವುದೋ ಗುಳಿಗೆಯ ಹೆಸರಿನಂತಿತ್ತು.

ಜಾಲರಿಯಿಂದ ಒಂದು ತುಂಡು ಕತ್ತರಿಸಿ ಗಾಜಿನ ಪಾತ್ರೆಯೊಳಗೆ ಇಳಿಬಿಟ್ಟು ಕರೆಂಟ್ ಕೊಟ್ಟರು. ಸ್ಕ್ರೀನಿನ ಗೆರೆ ಬೇಗ ಎದ್ದಷ್ಟೂ ಕಮ್ಮಿ ಕರೆಂಟಿನಲ್ಲಿ ಕೆಲಸವಾಗುತ್ತಿದೆ ಎಂದರ್ಥವಂತೆ. ದೆಹಲಿಯಲ್ಲಿ ಗೆರೆ ಎಲ್ಲಿ ಮೇಲೇಳುತ್ತಿತ್ತೋ ಅಲ್ಲಿ ಏಳಲಿಲ್ಲ. ಬಹಳ ಮುಂದೆ ಹೋಗಿ, ಮಂಡಿನೋವಿನವರು ಕುರ್ಚಿಯಿಂದ ಏಳುವ ಹಾಗೆ ಎದ್ದಿತು. ಮರುದಿನ ಇನ್ನೊಂದು ಜಾಲರಿ. ಅದೂ ಅಷ್ಟೆ. ಅದರ ಮರುದಿನ ಮತ್ತೊಂದು.

"ಕನೆಕ್ಷನ್ ಲೂಸ್ ಇರಬಹುದು" ಎಂದೆ. ನಮ್ಮ ಗೀಸರ್ ಕೆಟ್ಟಾಗ ಎಲೆಕ್ಟ್ರಿಶಿಯನ್ ಯಾವಾಗಲೂ ಹೇಳುವುದು ಅದನ್ನೇ.

"ದೊಡ್ಡಮ್ಮ, ಪ್ಲೀಸ್."

ಅವಳು ಊಟ ಬಿಟ್ಟಳು. ಮಗುವಿಗೆ ಹಾಲು ಕೊಡುವಾಗಲೂ ಗೋಡೆ ನೋಡುತ್ತಿದ್ದಳು. ಇಂಗ್ರಿಡ್ ಜೋರಾಗಿ ಒಂದು ಮಾತಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಕೆ ಬಯ್ಯಲೂ ಇಲ್ಲ, ಧೈರ್ಯ ಹೇಳಲೂ ಇಲ್ಲ. ಪ್ರತಿದಿನ ಸಂಜೆ "ನಾಳೆ ನೋಡೋಣ" ಎಂದು ಕೋಟು ಹಾಕಿಕೊಂಡು ಹೊರಡುತ್ತಿದ್ದಳು. ಅದು ಭರವಸೆಯೋ ಎಚ್ಚರಿಕೆಯೋ ನನಗೆ ತಿಳಿಯಲಿಲ್ಲ. ಮುಖ ನೋಡಿ ಮನಸ್ಸು ಓದುವ ನನ್ನ ವಿದ್ಯೆ ಆ ಊರಿನಲ್ಲಿ ಏನೂ ಕೆಲಸಕ್ಕೆ ಬರಲಿಲ್ಲ.

ಶುಕ್ರವಾರ ಸುಮೇಧಾ ಎಲ್ಲರ ಮುಂದೆ ಸೆಮಿನಾರ್ ಕೊಡುವುದೆಂದು ಮೊದಲೇ ನಿಗದಿಯಾಗಿತ್ತು. ಪ್ರಾಜೆಕ್ಟ್ ಉಂಟೋ ಇಲ್ಲವೋ ಎನ್ನುವುದು ಅದಾದ ಮೇಲೆ.

ಅಡುಗೆಮನೆಯ ಟೇಬಲ್

ಬುಧವಾರ ಬೆಳಿಗ್ಗೆ ಖುರಾನಾ ಜೀ ವಿಡಿಯೋ ಕಾಲ್ ಮಾಡಿದರು. ನಾವು ಇಳಿದುಕೊಂಡಿದ್ದ ಮನೆಯ ಅಡುಗೆಮನೆಯಲ್ಲಿ ಸುಮೇಧಾ ಇರಾಗೆ ರಾಗಿ ಸರಿ ತಿನ್ನಿಸುತ್ತಿದ್ದಳು, ಫೋನ್ ನಾನು ಹಿಡಿದಿದ್ದೆ.

"ನಮಸ್ತೇ ಮಾತಾಜೀ! ಬರ್ಫ್ ಗಿರೀ ಕ್ಯಾ?" ಹಿಮ ಬಿತ್ತೇ ಎಂಬುದೇ ಅವರ ಮೊದಲ ಪ್ರಶ್ನೆ. "ನಮ್ಮ ಜಾಲಿ ಹೇಗಿದೆ? ಗೋರೇ ಲೋಗ್ ಖುಷ್?"

ನಾನು "ಎಲ್ಲಾ ಠೀಕ್ ಠಾಕ್" ಎಂದೆ. ಕಾಮನ್ ಸೆನ್ಸ್ ಅಷ್ಟರಲ್ಲಿ ಕಲಿತಿದ್ದೆ.

ಅವರ ಬೆನ್ನ ಹಿಂದೆ ಇಬ್ಬರು ಸೇರಿ ಒಂದು ದೊಡ್ಡ ಕಬ್ಬಿಣದ ಟ್ಯಾಂಕನ್ನು ಎಳೆಯುತ್ತಿದ್ದರು. "ಅದು ಹಳೇದು ಮಾತಾಜೀ, ಕಬಾಡಿಗೆ, ಗುಜರಿಗೆ ಕೊಡ್ತಾ ಇದ್ದೀನಿ. ಹೊಸ ಟಬ್ ಬಂದ ಮೇಲೆ ಇದ್ಯಾಕೆ? ಒಳಗಿನ ರಬ್ಬರ್ ಪೂರಾ ಹರಿದು ಹೋಗಿದೆ. ದೇಖಿಯೇ, ನೀಚೇ ಸೇ ಜಂಗ್ ಖಾ ಗಯಾ." ತಳವೆಲ್ಲ ತುಕ್ಕು ತಿಂದುಹೋಗಿದೆ ಎಂದು ನಾಚಿಕೆಯಿಂದ ಹೇಳಿದರು.

ಸುಮೇಧಾಳ ಚಮಚ ಮಗುವಿನ ಬಾಯಿಯ ಮುಂದೆ ನಿಂತಿತು. ಇರಾ ಬಾಯಿ ತೆರೆದೇ ಕಾಯುತ್ತಿದ್ದಳು.

"ಖುರಾನಾ ಜೀ, ಹುಕ್? ಹಳೇ ಹುಕ್ ಯಾವುದರದ್ದು?"

"ಲೋಹೇ ಕೇ. ಮಾಮೂಲಿ ಕಬ್ಬಿಣ. ಅವೂ ಕರಗಿ ಕರಗಿ ಸೂಜಿ ಥರ ಆಗಿದ್ವು, ಅದಕ್ಕೇ ಈ ಸಲ ನಿಮಗೋಸ್ಕರ..."

"ಟ್ಯಾಂಕ್ ಕೊಡಬೇಡಿ" ಎಂದಳು. "ಹಾಗೇ ಇಟ್ಟಿರಿ. ಪ್ಲೀಸ್." ಫೋನ್ ಆಫ್ ಮಾಡಿ, ಟೇಬಲ್ಲಿನ ಮೇಲೆ ತಲೆಯಿಟ್ಟಳು.

ಒಂದು ಟ್ಯಾಂಕಿನ ತುಕ್ಕು ನೋಡಿ ಅಳುವವರನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಮಗುವಿಗೆ ಉಳಿದ ಸರಿ ತಿನ್ನಿಸುತ್ತ ಕಾದೆ. ಆಮೇಲೆ ಅವಳೇ ಹೇಳಿದಳು.

"ಕಬ್ಬಿಣ ದೊಡ್ಡಮ್ಮ. ನಿಕಲ್ ಜೊತೆ ಒಂಚೂರು ಕಬ್ಬಿಣ ಸೇರಿದ್ರೆ ಅದು ಭೂತದ ಥರ ಕೆಲಸ ಮಾಡುತ್ತೆ. ಈ ಫೀಲ್ಡಲ್ಲಿ ಎಲ್ಲರಿಗೂ ಗೊತ್ತು. ನಂಗೂ ಗೊತ್ತು! ಅದಕ್ಕೇ ಲ್ಯಾಬಲ್ಲಿ ನೀರು, ಕೆಮಿಕಲ್ ಎಲ್ಲಾ ಚೆಕ್ ಮಾಡಿದ್ದೆ. ಫರೀದಾಬಾದಿನ ಟ್ಯಾಂಕ್ ಮಾತ್ರ ಚೆಕ್ ಮಾಡಲಿಲ್ಲ. ಇಷ್ಟು ವರ್ಷ ನನ್ನ ಲೇಪ ಏನೂ ಮಾಡಿಲ್ಲ. ಮಾಡಿದ್ದು ಆ ತುಕ್ಕು."

"ಹಾಗಾದ್ರೆ ಒಳ್ಳೇದೇ ಅಲ್ವಾ? ಕಬ್ಬಿಣ ಇನ್ನೂ ಅಗ್ಗ."

"ಅದು ಹಳೇ ವಿಷಯ. ಬೇರೆಯವರು ಯಾವತ್ತೋ ಕಂಡುಹಿಡಿದಾಗಿದೆ. ನಾವು ಪೇಪರಲ್ಲಿ ಬರೆದಿರೋದು ನನ್ನ ಲೇಪ ಅಂತ. ತಪ್ಪು ಬರೆದಿದೀವಿ. ಸರ್ ಹೆಸರೂ ಇದೆ ಅದರಲ್ಲಿ."

ಬನ್ಸಲ್ ಅವರಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು, ನಾನೂ ಕೇಳಿಸಿಕೊಂಡೆ. ಅವರು ಇಂಗ್ಲಿಷಿನಲ್ಲಿ, ಆಯಾಸದ ದನಿಯಲ್ಲಿ, "ಅಲ್ಲಿ ಏನೂ ಹೇಳಬೇಡ, ಬೇಟಾ. ಸ್ಯಾಂಪಲ್ ದಾರಿಯಲ್ಲಿ ಹಾಳಾಯಿತು ಅನ್ನು. ಸೆಮಿನಾರ್ ಬೇಡ, ಮೈ ಚೆನ್ನಾಗಿಲ್ಲ ಅನ್ನು. ಮನೆಗೆ ಬಾ. ಮಿಕ್ಕಿದ್ದು ಆಮೇಲೆ ನೋಡೋಣ" ಎಂದರು.

"ಸರ್..."

"ಮನೆಗೆ ಬಾ" ಎಂದು ಇಟ್ಟುಬಿಟ್ಟರು.

ಸುಮೇಧಾ ನನ್ನ ಮುಖ ನೋಡಿದಳು. ಮರ್ಯಾದೆಯಿಂದ ವಾಪಸ್ಸು ಬಂದುಬಿಡು ಎನ್ನಬೇಕು ಅನ್ನಿಸಿತು. ಎಳೆ ಮಗುವಿನ ತಾಯಿ, ಕೆಲಸ ಹೋದರೆ ಹೇಗೆ? ಆದರೆ ಬಾಯಿ ತೆರೆದರೆ ಸತ್ಯ ಹೇಳಿಬಿಡು ಎಂದುಬಿಡುವೆನೇನೋ ಎಂಬ ಭಯವೂ ಇತ್ತು. "ಮಗೂಗೆ ಬಿಕ್ಕಳಿಕೆ ಬಂತು, ನೀರು ಕೊಡು" ಎಂದೆ.

ಇಂಗ್ರಿಡ್ ಮನೆ

ಆ ಸಂಜೆ ಇಂಗ್ರಿಡ್ ನಮ್ಮನ್ನು ಮನೆಗೆ ಕರೆದಿದ್ದಳು. ಇವರೂ ನಮ್ಮ ಹಾಗೆ ಚಪ್ಪಲಿ ಹೊರಗೆ ಬಿಡುತ್ತಾರೆ. ಎಂಥ ಸಂತೋಷ! ಆದರೆ ನನ್ನ ಕಾಲುಚೀಲದಿಂದ ಹೆಬ್ಬೆರಳು ಇಣುಕುತ್ತಿತ್ತು. ಇಂಗ್ರಿಡ್ ಒಳಗೆ ಹೋಗಿ ತನ್ನ ಉಣ್ಣೆಯ ಕಾಲುಚೀಲ ತಂದುಕೊಟ್ಟಳು.

ಹೃದಯದ ಆಕಾರದ ವಾಫಲ್‌ಗಳು, ಅದರ ಮೇಲೆ ಕಂದು ಬಣ್ಣದ ಚೀಸ್. ಕಾಸಿದ ಬೆಣ್ಣೆಯೋ, ಸೀದ ಖೋವಾಕ್ಕೆ ಉಪ್ಪು ಬೆರೆಸಿದ್ದೋ ಎನ್ನುವ ರುಚಿ. ಇಷ್ಟವಾಯಿತೋ ಇಲ್ಲವೋ ತೀರ್ಮಾನಿಸಲು ನಾನು ಎರಡನೆಯದನ್ನು ಬಾಯಿಗಿಡುತ್ತಿದ್ದಾಗ ಸುಮೇಧಾ ತಟ್ಟೆ ಪಕ್ಕಕ್ಕೆ ಸರಿಸಿದಳು.

"ಇಂಗ್ರಿಡ್" ಎಂದಳು. ಮ್ಯಾಮ್ ಸೇರಿಸಲಿಲ್ಲ. ಟ್ಯಾಂಕು, ಹುಕ್ಕು, ತುಕ್ಕು, ಹೊಸ ಟಬ್ಬು, ಎಲ್ಲವನ್ನೂ ಹೇಳಿದಳು. ಡಾಕ್ಟರ್ ಬನ್ಸಲ್ ಏನೆಂದರು ಎನ್ನುವುದನ್ನು ಮಾತ್ರ ಹೇಳಲಿಲ್ಲ. "ಅನುಮಾನ ನನಗೇ ಬರಬೇಕಿತ್ತು" ಎಂದಷ್ಟೇ ಅಂದಳು.

ಇಂಗ್ರಿಡ್ ಬಹಳ ಹೊತ್ತು ಚೀಸ್ ಹೆರೆಯುತ್ತ ಕೂತಳು. ತೆಳ್ಳಗೆ, ಒಂದರ ಮೇಲೊಂದು ಹಾಳೆ ಹಾಳೆಯಾಗಿ, ಯಾರೂ ತಿನ್ನದಷ್ಟು. ನಂತರ, "ನಾಳೆ ಕಬ್ಬಿಣ ಹಾಕಿ ನೋಡೋಣ" ಎಂದಳು. ಕೋಪವೇ? ಬೇಸರವೇ? ಅವಳ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ.

ಮರುದಿನ ನಾನು ಬಾಗಿಲ ಬಳಿ ನಿಂತು ನೋಡಿದೆ. ಕಬ್ಬಿಣ ಕರಗಿದ ಹಳದಿ ನೀರಿನ ಒಂದು ಹನಿಯನ್ನು ಇಂಗ್ರಿಡ್ ಪಾತ್ರೆಗೆ ಬಿಟ್ಟಳು. ಸ್ವಲ್ಪ ಹೊತ್ತಿಗೆ, ಆ ಹಟಮಾರಿ ಗೆರೆ ಸರಸರನೆ ಮೇಲೆದ್ದಿತು. ಜಾಲರಿಯ ಮೈತುಂಬ ಗುಳ್ಳೆ, ಸೋಡಾ ಬಾಟಲಿ ತೆರೆದ ಹಾಗೆ. ನಾನು ಬಾಯಿ ತಪ್ಪಿ "ಶಾಭಾಶ್!" ಎಂದುಬಿಟ್ಟೆ.

ಸುಮೇಧಾ ಹಿಂತಿರುಗಿ ನೋಡಲಿಲ್ಲ. ತಾನೇ ಕೈಯಾರೆ ಇನ್ನೊಂದು ಪಾತ್ರೆಗೆ ಲೇಪವೇ ಇಲ್ಲದ ಬೋಳು ಜಾಲರಿಯನ್ನು ಇಳಿಬಿಟ್ಟು, ಅದಕ್ಕೂ ಒಂದು ಹನಿ ಹಾಕಿದಳು. ಆ ಗೆರೆಯೂ ಅಷ್ಟೇ ಎತ್ತರಕ್ಕೆ ಎದ್ದಿತು.

ಲೇಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಷ್ಟು ನನಗೂ ಅರ್ಥವಾಯಿತು.

ಶುಕ್ರವಾರ

ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಸುಮೇಧಾ ಮದುವೆಯಲ್ಲಿ ನಾನು ಕೊಟ್ಟ ಹಸಿರು ಸಿಲ್ಕ್ ಸೀರೆ ಉಟ್ಟಿದ್ದಳು. ಎರಡು ಗೆರೆಗಳನ್ನೂ ಪಕ್ಕಪಕ್ಕದಲ್ಲಿ ಗೋಡೆಯ ಮೇಲೆ ಹಾಕಿ, "ನಮ್ಮ ಪೇಪರಿನಲ್ಲಿ ಬರೆದದ್ದು ತಪ್ಪು. ಏಕೆ ತಪ್ಪೆಂದು ಹೇಳುತ್ತೇನೆ" ಎಂದು ಶುರು ಮಾಡಿದಳು. ಫರೀದಾಬಾದಿನ ಟ್ಯಾಂಕಿನ ಫೋಟೋ ಬಂದಾಗ ಜನ ಮುಂದಕ್ಕೆ ಬಾಗಿ ನೋಡಿದರು. ಕುಂಕುಮ ಹಚ್ಚಿದ ಹೊಸ ಟಬ್ ಬಂದಾಗ ನಕ್ಕರು. ಯಾವ ಥರದ ನಗು? ನನಗೆ ತಿಳಿಯಲಿಲ್ಲ. ಕೊನೆಗೆ ಚಪ್ಪಾಳೆ ತಟ್ಟಿದರು. ಮರ್ಯಾದೆಗೋ, ಮೆಚ್ಚಿಯೋ? ಅದೂ ತಿಳಿಯಲಿಲ್ಲ. ಒಬ್ಬ ಗಡ್ಡದವನು ಎದ್ದು ನಿಂತು, ನನ್ನದೂ ಒಂದು ಪೇಪರ್ ಇದೆ, ಮನೆಗೆ ಹೋಗಿ ಮತ್ತೆ ನೋಡಬೇಕು, ಎಂದ. ಅವನು ಮಾತ್ರ ನಗಲಿಲ್ಲ.

ಹೊರಗೆ ಬಂದ ಮೇಲೆ, "ಸೋತೆಯೋ ಗೆದ್ದೆಯೋ, ಒಂದು ಮಾತಲ್ಲಿ ಹೇಳಿಬಿಡೇ" ಎಂದೆ.

"ಗೊತ್ತಿಲ್ಲ ದೊಡ್ಡಮ್ಮ" ಎಂದು ಮಗುವನ್ನು ತೆಗೆದುಕೊಂಡಳು. "ಪ್ರಾಜೆಕ್ಟ್ ಹೋಯ್ತು ಅಂತ ಕಾಣುತ್ತೆ. ಇಂಗ್ರಿಡ್ ಬೇರೆ ಏನೋ ಯೋಚನೆ ಮಾಡ್ತೀನಿ ಅಂದ್ರು. ಬನ್ಸಲ್ ಸರ್‌ಗೆ ನಿನ್ನೆ ರಾತ್ರಿನೇ ಮೆಸೇಜ್ ಹಾಕಿದೆ, ಹೇಳ್ತೀನಿ ಅಂತ. ನೀಲಿ ಟಿಕ್ ಬಂದಿದೆ. ಉತ್ತರ ಇಲ್ಲ."

ವಿಮಾನದಲ್ಲಿ ವಾಪಸ್ಸು ಬರುವಾಗ ಅವಳು ಕೆಲಸದ ಮಾತೇ ಆಡಲಿಲ್ಲ. ಸರ್ ಮಾತು ಮಾತ್ರ. ತನಗೆ ಪಿಎಚ್.ಡಿ.ಗೆ ಪ್ರವೇಶ ಸಿಕ್ಕಾಗ ಅವರೇ ಕ್ಯಾಂಟೀನಿಗೆ ಕರೆದೊಯ್ದು ಸಮೋಸಾ ಕೊಡಿಸಿದ್ದು, ಬಸುರಿಯಾಗಿದ್ದಾಗ ಕೆಮಿಕಲ್ ಮುಟ್ಟಬೇಡವೆಂದು ತಾವೇ ಅವಳ ಪಾತ್ರೆ ತೊಳೆದದ್ದು. "ರಿಟೈರ್ ಆಗೋ ಹೊತ್ತಲ್ಲಿ ಅವರ ಹೆಸರು ಕೆಡಿಸಿದೆ" ಎಂದಳು. ನಾನು ಅವಳ ಕೈ ಹಿಡಿದು ಕೂತೆ. ಬೇರೇನು ಮಾಡುವುದು?

ಟರ್ಮಿನಲ್ ಮೂರು

ದೆಹಲಿಯಲ್ಲಿ ಬೆಳಿಗ್ಗೆ. ಬಾಗಿಲು ತೆರೆದ ಕೂಡಲೇ ಆ ಹೊಗೆಯ ವಾಸನೆ. ಗಂಟಲು ಕೆರೆಯಿತು, ಮನೆಗೆ ಬಂದೆವು ಎನಿಸಿತು. ರೋಹನ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದ್ದಾನೆಂದು ಮೆಸೇಜ್ ಇತ್ತು. ಹೆಸರಿನ ಬೋರ್ಡ್ ಹಿಡಿದ ಡ್ರೈವರುಗಳ ಸಾಲಿನಲ್ಲಿ, ಮಾಸಿದ ಅರ್ಧ ಸ್ವೆಟರ್ ಹಾಕಿಕೊಂಡು, ಬೋರ್ಡಿಲ್ಲದೆ ಬರಿಗೈಯಲ್ಲಿ ಡಾಕ್ಟರ್ ಬನ್ಸಲ್ ನಿಂತಿದ್ದರು.

ಸುಮೇಧಾ ಟ್ರಾಲಿ ನಿಲ್ಲಿಸಿಬಿಟ್ಟಳು. ಹಿಂದಿನಿಂದ ಯಾರೋ "ಚಲೋ ಚಲೋ ಬೆಹನ್‌ಜೀ" ಎಂದು ಗದರಿದರು. ಬನ್ಸಲ್ ತಾವೇ ಬಂದು ಟ್ರಾಲಿಯ ಹ್ಯಾಂಡಲ್ ಹಿಡಿದು ಪಕ್ಕಕ್ಕೆ ಎಳೆದರು. ನನಗೆ ನಮಸ್ಕಾರ ಮಾಡಿದರು. ಇರಾಳ ಕೆನ್ನೆಯನ್ನು ಬೆರಳಿನಿಂದ ಮುಟ್ಟಿದರು.

"ಸರ್, ನಾನು..."

"ಜರ್ನಲ್‌ಗೆ ನಾನು ಬರೆದು ಕಳಿಸಿದೆ, ಪೇಪರ್ ವಾಪಸ್ ತಗೊಳ್ತೀವಿ ಅಂತ" ಎಂದರು ಇಂಗ್ಲಿಷಿನಲ್ಲಿ. "ಗೈಡ್ ನಾನು, ಹೊಣೆ ನನ್ನದು ಅಂತಾನೂ ಬರೆದೆ. ಅದನ್ನ ನೀನು ಬರೆಯೋಕೆ ಹೋಗಬೇಡ."

ಅವರು ಅವಳ ಕಡೆ ನೋಡದೆ, ಟ್ರಾಲಿಯ ಚಕ್ರ ಸರಿಯಿದೆಯೇ ಎಂದು ಪರೀಕ್ಷಿಸುವವರಂತೆ ಬಗ್ಗಿ, "ಆ ಟ್ಯಾಂಕ್ ಕಬಾಡಿಗೆ ಹೋಯಿತಾ?" ಎಂದು ಕೇಳಿದರು.

"ಇಲ್ಲ ಸರ್. ಇಡೋಕೆ ಹೇಳಿದೀನಿ."

"ತೊಳೆಯಬೇಡಿ ಅಂತಲೂ ಹೇಳು. ಆ ತುಕ್ಕನ್ನ ಅಳೆದು ನೋಡಬೇಕು."

ಅಷ್ಟೇ. ಕೋಪವಿತ್ತೇ, ಹಗುರವಾಗಿದ್ದರೇ, ಬೇಟಾ ಎಂದು ಏಕೆ ಕರೆಯಲಿಲ್ಲ, ಕೋಪವಿದ್ದರೆ ಅಷ್ಟು ಬೆಳಿಗ್ಗೆ ಏರ್‌ಪೋರ್ಟಿಗೆ ಏಕೆ ಬಂದರು? ಎಷ್ಟು ಸಲ ಯೋಚಿಸಿದರೂ ನನಗೆ ಬಗೆಹರಿದಿಲ್ಲ. ರೋಹನ್ ಬರುವುದು ತಡ, ನನ್ನ ಕಾರಿನಲ್ಲೇ ಬಿಡುತ್ತೇನೆ ಎಂದರು. ನಾವು ಪಾರ್ಕಿಂಗಿಗೆ ಹೋದೆವು. ಕಾರು ಎಲ್ಲಿ ನಿಲ್ಲಿಸಿದ್ದೆನೆಂದು ಅವರಿಗೆ ನೆನಪಿರಲಿಲ್ಲ. ಕಂಬದ ನಂಬರ್ ನೋಡಿಕೊಂಡಿರಲಿಲ್ಲವಂತೆ. ಕೀ ಎತ್ತಿ ಹಿಡಿದು ಒತ್ತಿದರು. ಯಾವ ಕಾರೂ ಉತ್ತರಿಸಲಿಲ್ಲ. ಅಷ್ಟರಲ್ಲಿ ರೋಹನ್ ಫೋನ್ ಬಂತು, ಗೇಟಿಗೆ ತಲುಪಿದ್ದ. "ನೀವು ಹೋಗಿ, ಮಗುವಿಗೆ ಚಳಿ" ಎಂದರು ಬನ್ಸಲ್.

"ನಾವೂ ಹುಡುಕ್ತೀವಿ ಸರ್" ಎಂದಳು ಸುಮೇಧಾ.

"ಹೋಗು. ನಾನು ಹುಡುಕಿಕೊಳ್ತೀನಿ."

ಮುಂದಿನ ತಿಂಗಳು ಅವರು ರಿಟೈರಾಗಿ ಡೆಹ್ರಾಡೂನಿಗೆ ಹೋದರು. ಸುಮೇಧಾ ಅವರೊಡನೆ ಫೋನಿನಲ್ಲಿ ಮಾತಾಡುತ್ತಾಳೆ. ನಾನು ಅವರನ್ನು ಮತ್ತೆ ನೋಡಿಲ್ಲ. ಆ ಬೆಳಿಗ್ಗೆ ಪಾರ್ಕಿಂಗಿನ ಲಿಫ್ಟಿನ ಬಾಗಿಲು ಮುಚ್ಚುವಾಗ ತಿರುಗಿ ನೋಡಿದ್ದೆ. ಹೊಗೆ ಪಾರ್ಕಿಂಗಿನ ಒಳಗೂ ನುಗ್ಗಿ, ಟ್ಯೂಬ್‌ಲೈಟುಗಳೆಲ್ಲ ಮಂಕಾಗಿದ್ದವು. ಡಾಕ್ಟರ್ ಬನ್ಸಲ್ ಕೈಯನ್ನು ತಲೆಯ ಮೇಲಕ್ಕೆತ್ತಿ ಕೀ ಒತ್ತುತ್ತ, ಕತ್ತು ಓರೆ ಮಾಡಿ ಕಿವಿಗೊಡುತ್ತ, ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ನಿಧಾನವಾಗಿ ನಡೆದುಹೋಗುತ್ತಿದ್ದರು.